ಎಲೆಲಂಗ ಮತ್ತು ಕೌದಿಯ ಹೊಟ್ಟೆ

ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಆಡಳಿತದವರು ಲಿಫ್ಟಿನೊಳಗೆ ಒಂದು ಕಾಗದ ಅಂಟಿಸಿದ್ದಾರೆ. ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಒಣಹಾಕಬಾರದಂತೆ, ಕಟ್ಟಡದ ಅಂದ ಕೆಡುತ್ತದಂತೆ. ನಾನು ಅದನ್ನು ದಿನವೂ ಗಮನವಿಟ್ಟು ಓದುತ್ತೇನೆ. ಓದಿ, ಮೇಲೆ ಹೋಗಿ, ನನ್ನ ಕೌದಿಯನ್ನು ಅದೇ ಕಂಬಿಯ ಮೇಲೆ ಹರಡುತ್ತೇನೆ. ಮಲೇಷ್ಯಾದ ಈ ಪೆಟಾಲಿಂಗ್ ಜಯಾದಲ್ಲಿ ಇಷ್ಟೊಂದು ಬಿಸಿಲು ಪುಕ್ಕಟೆ ಬಿದ್ದಿರುವಾಗ ಕೌದಿಯನ್ನು ಬಚ್ಚಲಿನಲ್ಲಿ ಒಣಗಿಸಲು ನನಗೇನು ತಲೆ ಕೆಟ್ಟಿದೆಯೇ? ಕೆಳಗಿನಿಂದ ಗಾರ್ಡ್ ಕತ್ತೆತ್ತಿ ನೋಡುತ್ತಾನೆ. ನಾನೂ ಅವನನ್ನೇ ನೋಡುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬೇರೆ ಕಡೆ ತಿರುಗುತ್ತಾನೆ.

ಕೌದಿ ಎಂದರೆ ನಿಮಗೆ ಹೇಳಬೇಕಿಲ್ಲ. ಹಳೆ ಸೀರೆ, ಹರಿದ ಅಂಗಿ, ಮಕ್ಕಳ ಲಂಗ ಎಲ್ಲವನ್ನೂ ತುಂಡು ಮಾಡಿ ಹೊಲಿದ ಹೊದಿಕೆ. ಆದರೆ ನಮ್ಮದು ಸ್ವಲ್ಪ ಬೇರೆ. ನಮ್ಮದು ಎಂದರೆ ಸಿದ್ದಿಗಳದು. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗು ತುಂಬಿ ಗುಲಾಮರಾಗಿ ಬಂದವರು, ಒಡೆಯರ ಕೈತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರದ ಕಾಡು ಸೇರಿದವರು, ಅವರ ಮರಿಮಕ್ಕಳ ಮರಿಮಕ್ಕಳು ನಾವು. ನಮ್ಮ ಮನೆಯಲ್ಲಿ ಕೊಂಕಣಿ, ಕನ್ನಡ, ಮರಾಠಿ ಒಂದೇ ತಟ್ಟೆಯಲ್ಲಿ ಕಲಸಿಕೊಂಡಿದ್ದವು. ನನ್ನ ಅಜ್ಜಿ ಇನಾಸಿ ಮೂರರಲ್ಲೂ ಬೈಯುತ್ತಿದ್ದಳು.

ಅಜ್ಜಿ ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಿದ್ದಳು. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನದ ಹೂ ಕಟ್ಟುತ್ತಿದ್ದಳು. ಆ ಹೂವುಗಳಿಂದ ಕೌದಿ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆದರೆ ಹೂ ಇಲ್ಲದ ಕೌದಿ ಬತ್ತಲೆ ಎಂದು ಅವಳ ವಾದ. ಕೊನೆಗೆ ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿಗೆ ಒಂದು ಹಿಡಿ ಅಕ್ಕಿ ಹಾಕಿ ಮೇಲೊಂದು ತುಂಡು ಬಟ್ಟೆ ಮುಚ್ಚಿ ಹೊಲಿಯಬೇಕು. "ನಮ್ಮನ್ನ ರಾತ್ರಿಯೆಲ್ಲ ಬೆಚ್ಚಗ ಇಡೂದು ಅದು. ಅದರ ಹೊಟ್ಟಿ ಖಾಲಿ ಇಟ್ರ ಪಾಪ ಬರತೈತಿ," ಎನ್ನುತ್ತಿದ್ದಳು. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ದಿನಗಳಲ್ಲೂ ಕೌದಿಯ ಪಾಲನ್ನು ಮಾತ್ರ ಅವಳು ಬಿಟ್ಟವಳಲ್ಲ. ನನಗೆ ಆಗ ಕೌದಿಯ ಮೇಲೆ ಬಹಳ ಹೊಟ್ಟೆಕಿಚ್ಚಿತ್ತು.

ಅವಳು ಹೊಲಿದ ಒಂದು ಕೌದಿ ನನ್ನ ಮದುವೆಗೆ ಬಂತು, ಹುಬ್ಬಳ್ಳಿಗೆ ಬಂತು, ಬೆಂಗಳೂರಿಗೆ ಬಂತು, ಗಂಡ ಆಂತೋನನ ಕೆಲಸದ ಹಿಂದೆ ಮಲೇಷ್ಯಾಕ್ಕೂ ಬಂತು. ಅವನು ಸೈಬರ್‌ಜಯಾಕ್ಕೆ ಕಾರಿನಲ್ಲಿ ಹೋಗಿ ಬರುತ್ತಾನೆ. ನಾನು ಇಲ್ಲೇ ಹತ್ತಿರದ ಕಚೇರಿಯೊಂದರಲ್ಲಿ ಯಾವ್ಯಾವುದೋ ದೇಶದವರ ಸಂಬಳದ ಲೆಕ್ಕ ನೋಡುತ್ತೇನೆ. ಹದಿನೈದು ವರ್ಷದ ಮಗಳು ಸೆರಾ ಇಲ್ಲೇ ಬೆಳೆದವಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಅದೂ ಬಾಲಕ್ಕೆ ಇಲ್ಲಿನವರ 'ಲಾ' ಒಂದನ್ನು ಕಟ್ಟಿಕೊಂಡು.

'ಯಾವ ದೇಶದವರು?' ಎಂಬ ಪ್ರಶ್ನೆ ನನಗೆ ಹುಟ್ಟಿನಿಂದ ಅಂಟಿಕೊಂಡಿದೆ. ಚಿಕ್ಕವಳಿದ್ದಾಗ ಹುಬ್ಬಳ್ಳಿ ಬಸ್ಸಿನಲ್ಲಿ ಹೆಂಗಸೊಬ್ಬಳು ನನ್ನ ಕೂದಲನ್ನು ಮುಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, "ಯಾವ ದೇಶದ ಕೂಸವ್ವಾ ಇದು?" ಎಂದಿದ್ದಳು. "ಹಳಿಯಾಳ ದೇಶದ್ದು," ಎಂದಿದ್ದಳು ಅಜ್ಜಿ, ಅವಳ ಮುಖಕ್ಕೆ ಹೊಡೆದಂತೆ. ಇಲ್ಲಿ ಟ್ಯಾಕ್ಸಿಯವರು ಆಫ್ರಿಕಾವೇ ಎಂದು ಕೇಳುತ್ತಾರೆ. ಇಂಡಿಯಾ ಎಂದರೆ ಕನ್ನಡಿಯಲ್ಲಿ ಇನ್ನೊಮ್ಮೆ ನೋಡುತ್ತಾರೆ. ಪಕ್ಕದ ಮನೆಯ ತಮಿಳು ಅಕ್ಕ ಮಾತ್ರ, "ಎಲ್ಲಿಯವರಾದ್ರೆ ಏನಮ್ಮ, ಕರುವೇಪ್ಪಿಲೆ ಇದೆಯಾ?" ಎಂದು ಕರಿಬೇವು ಕೇಳಿ ನನ್ನ ಮನಸ್ಸು ಗೆದ್ದುಬಿಟ್ಟಳು.

ಸೆರಾಳ ದಾರಿ ಬೇರೆ. ಅವಳು ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಬಿಸಿ ಇಕ್ಕಳದಂಥ ಯಂತ್ರದಲ್ಲಿ ಕೂದಲನ್ನು ಹಿಡಿದು ಎಳೆದು ನೇರ ಮಾಡಿಕೊಳ್ಳುತ್ತಾಳೆ. ಯಾರಾದರೂ ಕೇಳಿದರೆ, "ಮಿಕ್ಸ್ ಲಾ," ಎಂದು ಮುಗಿಸುತ್ತಾಳೆ. ಏನು ಯಾವುದರೊಂದಿಗೆ ಮಿಕ್ಸ್ ಎಂದು ಯಾರೂ ಕೇಳುವುದಿಲ್ಲ. ಸುಟ್ಟ ಕೂದಲಿನ ವಾಸನೆ ಮನೆ ತುಂಬುತ್ತದೆ, ನಾನು ಚಹಾ ಸೋಸುತ್ತ ನಿಂತಿರುತ್ತೇನೆ.

ಈಗ ಮೆಲ್ವಿನ್ ಅವರ ವಿಷಯಕ್ಕೆ ಬರುತ್ತೇನೆ. ಮೆಲ್ವಿನ್ ಮಂಗಳೂರಿನವರು, ಇಲ್ಲಿನ ನಮ್ಮ ಕನ್ನಡ ಗೆಳೆಯರ ಗುಂಪಿಗೆ ತಾವಾಗಿಯೇ ಕಾರ್ಯದರ್ಶಿಯಾದವರು. ಒಳ್ಳೆಯ ಮನುಷ್ಯ. ಆಂತೋನ ಡೆಂಗಿಯಲ್ಲಿ ಮಲಗಿದ್ದಾಗ ಗಂಜಿ, ಮಾವಿನ ಉಪ್ಪಿನಕಾಯಿ ಹಿಡಿದು ಬಾಗಿಲಿಗೆ ಬಂದವರು. ಅಂಥವರು ಜೂನಿನಲ್ಲಿ ಒಂದು ದಿನ ಫೋನ್ ಮಾಡಿದರು.

"ರೆಜಿನಾ, ಆಗಸ್ಟಿನ ಕರ್ನಾಟಕ ಸಂಜೆಗೆ ನಿಮ್ಮದೊಂದು ಐಟಂ ಬೇಕೇ ಬೇಕು ಮಾರಾಯ್ರೆ. ಯಕ್ಷಗಾನ ಉಂಟು, ಕೋಲಾಟ ಉಂಟು. ಸಿದ್ದಿ ಡಾನ್ಸ್ ಒಂದು ಬಂದ್ರೆ ಫುಲ್ ಕರ್ನಾಟಕ ಕವರ್ ಆಯ್ತು."

"ಯಾವ ಡಾನ್ಸು?"

"ಅದೇ, ಎಲೆಗಿಲೆ ಕಟ್ಟಿಕೊಂಡು ಮಾಡ್ತಾರಲ್ಲ. ಮುಖಕ್ಕೆ ಬಿಳಿ ಚುಕ್ಕೆ, ಮತ್ತೆ ಹೂ ಹಾ ಅಂತ ಕಿರುಚೂದು. ಜನರಿಗೆ ಭಾರೀ ಖುಷಿ ಆಗ್ತದೆ."

"ಮೆಲ್ವಿನ್, ನಮ್ಮ ಮನ್ಯಾಗ ಯಾರೂ ಎಲಿ ಕಟ್ಕೊಳ್ಳೂದಿಲ್ರಿ. ಎಲಿಯಾಗ ಊಟ ಮಾಡ್ತೀವಿ."

ಮೆಲ್ವಿನ್ ಜೋರಾಗಿ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದುಕೊಂಡರು. "ಡ್ರೆಸ್ಸಿನ ಚಿಂತೆ ಬೇಡ, ಆರ್ಡರ್ ಮಾಡಿ ಆಯ್ತು. ನಿಮಗೆ ಒಂದು, ಸೆರಾಗೆ ಒಂದು," ಎಂದು ಫೋನಿಟ್ಟರು.

ಪಾರ್ಸೆಲ್ ಬಂದಾಗ ನಾನು ಕಚೇರಿಯಲ್ಲಿದ್ದೆ. ಬಿಚ್ಚಿದವಳು ಸೆರಾ. ನಾನು ಮನೆಗೆ ಬಂದಾಗ ಸೋಫಾದ ಮೇಲೆ ಎರಡು ಲಂಗ ಬಿದ್ದಿದ್ದವು. ಸೊಂಟಕ್ಕೆ ಎಲಾಸ್ಟಿಕ್, ಕೆಳಗೆ ಇಳಿಬಿದ್ದ ಹಸಿರು ಸ್ಯಾಟಿನ್ ಎಲೆಗಳು. ಜೊತೆಗೆ ಪ್ಲಾಸ್ಟಿಕ್ ಮೂಳೆಗಳ ಹಾರ. ಕವರಿನ ಮೇಲಿದ್ದ ಚಿತ್ರದಲ್ಲಿ ದಪ್ಪ ತುಟಿಯ ಮನುಷ್ಯನೊಬ್ಬ ಕಣ್ಣರಳಿಸಿ ಹಲ್ಲು ಕಿರಿಯುತ್ತಿದ್ದ.

"ಅಮ್ಮಾ, ಯು ಆರ್ ನಾಟ್ ವೇರಿಂಗ್ ದಟ್, ರೈಟ್?" ಎಂದಳು ಸೆರಾ. ನಾನು ಬ್ಯಾಗ್ ಕೆಳಗಿಡುವಷ್ಟರಲ್ಲಿ, "ವಿಡಿಯೋ ಹಾಕ್ತಾರೆ. ಮೈ ಸ್ಕೂಲ್ ಪೀಪಲ್ ವಿಲ್ ಸೀ. ಆಲ್ರೆಡಿ ದೇ ಕಾಲ್ ಮಿ..." ಎಂದು ನಿಲ್ಲಿಸಿದಳು. ಒಳಗೆ ಹೋಗಿ ಆ ಸಂಜೆ ಹೊತ್ತಿನಲ್ಲೂ ಕೂದಲಿನ ಯಂತ್ರ ಹಚ್ಚಿಕೊಂಡಳು.

ನನಗೆ ಸಿಟ್ಟು ಬಂದರೆ ನಾನು ಬಟ್ಟೆ ಒಗೆಯುತ್ತೇನೆ. ಅಂದು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ಕೌದಿಯನ್ನೂ ಎಳೆದುಕೊಂಡು, ಕೆಳಗಿನ ಬೀದಿಯ ದೋಬಿಗೆ ಹೋದೆ. ಇಲ್ಲಿ ದೋಬಿ ಎಂದರೆ ಮನುಷ್ಯನಲ್ಲ, ನಾವೇ ನಾಣ್ಯ ಹಾಕಿ ಒಗೆದುಕೊಳ್ಳುವ ಯಂತ್ರಗಳ ಅಂಗಡಿ. ಅಜ್ಜಿಯ ಕೌದಿಯನ್ನು ಯಾವತ್ತೂ ಕೈಯಲ್ಲೇ ಒಗೆಯುತ್ತಿದ್ದವಳು ಅವತ್ತು ಯಂತ್ರಕ್ಕೆ ತುರುಕಿದೆ. ತೆಗೆಯುವಾಗ ನಾಲ್ಕು ಹೂವುಗಳೂ ಕಿತ್ತುಬಂದಿದ್ದವು. ನಡುವಿನ ಹೊಲಿಗೆ ಬಿಚ್ಚಿ ಹೊಟ್ಟೆ ತೆರೆದುಕೊಂಡಿತ್ತು, ಒಳಗಿದ್ದ ಅಜ್ಜಿಯ ಅಕ್ಕಿ ಯಾವ ಕೊಳವೆಯಲ್ಲಿ ಹರಿದುಹೋಯಿತೋ ಏನೋ. ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಅತ್ತೆ. ಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.

ಅಳು ಮುಗಿದ ಮೇಲೆ ಕೂದಲು ಕಟ್ಟಿಸಿಕೊಳ್ಳೋಣ ಎನ್ನಿಸಿತು. ಏಕೆ ಎಂದು ಕೇಳಬೇಡಿ. ಕ್ವಾಲಾಲಂಪುರದಲ್ಲಿ ಎಲ್‌ಆರ್‌ಟಿ ರೈಲು ನಿಲ್ದಾಣದ ಹತ್ತಿರ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮೇಲಿನ ಮಹಡಿಯಲ್ಲಿ, ನೈಜೀರಿಯಾದ ಅದಾ ಎಂಬಾಕೆ ಜಡೆ ಹೆಣೆಯುವ ಸಲೂನ್ ಇಟ್ಟಿದ್ದಾಳೆ. ಬೋರ್ಡನ್ನು ಎಷ್ಟೋ ಸಲ ನೋಡಿದ್ದೆ, ಒಳಗೆ ಹೋಗಿರಲಿಲ್ಲ. ಚಿಕ್ಕವಳಿದ್ದಾಗ ಹಾಸ್ಟೆಲಿನಲ್ಲಿ ಬಾಚಣಿಗೆಯ ಹಲ್ಲು ಮುರಿದವೆಂದು ನನ್ನ ಕೂದಲನ್ನು ಬುಡಕ್ಕೇ ಕತ್ತರಿಸಿದ್ದರು. ಬೆಂಗಳೂರಿನ ಪಾರ್ಲರಿನಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು ಒಳಗೆ ಹೋದವರು ಹೊರಗೆ ಬಂದಿರಲೇ ಇಲ್ಲ. ಈ ಸಲ ಮೆಟ್ಟಿಲು ಹತ್ತಿದೆ. ಅದಾ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ, "ಸಿಸ್ಟರ್, ಯಾರು ಈ ಕೂದಲಿಗೆ ಇಷ್ಟು ಹಿಂಸೆ ಕೊಟ್ಟವರು?" ಎಂದಳು. ನಾನೇ ಎನ್ನಲು ಧೈರ್ಯವಾಗಲಿಲ್ಲ.

ಹೆಣೆಯುತ್ತ ಅವಳೇ ವಿಷಯ ತೆಗೆದಳು. ಜುಲೈ ಪೂರ್ತಿ ಭಾನುವಾರಗಳಂದು ಸಲೂನಿನ ಪಕ್ಕದ ಖಾಲಿ ಹಾಲ್‌ನಲ್ಲಿ ಕಪ್ಪು ಜನರ ಕಲೆ, ಕವಿತೆ, ಡೋಲು, ಊಟ. ಹೆಸರು 'ನಮ್ಮ ಸಮ್ಮರ್'. ಮಲೇಷ್ಯಾದಲ್ಲಿ ಸಮ್ಮರ್ ಎಲ್ಲಿಂದ ಬಂತು, ಇಲ್ಲಿರುವುದು ಮಳೆ ಬರುವ ಬೇಸಿಗೆ ಮತ್ತು ಮಳೆ ಬರದ ಬೇಸಿಗೆ ಎರಡೇ ತಾನೇ ಎಂದೆ. ಅದಾ ನನ್ನ ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದು, "ನಾವು ಸಮ್ಮರ್ ಅಂದರೆ ಸಮ್ಮರ್. ಯಾರನ್ನು ಕೇಳಬೇಕು?" ಎಂದಳು. ಆ ಮಾತು ನನಗೆ ತುಂಬ ಹಿಡಿಸಿತು.

ಹೋದೆ. ಒಂದು ಭಾನುವಾರವೂ ಬಿಡದೆ ಹೋದೆ. ಹೋಗುವಾಗ ಏನೇನೋ ಕಲ್ಪಿಸಿಕೊಂಡಿದ್ದೆ. ಬಾಗಿಲು ದಾಟಿದ ಕೂಡಲೇ ನೂರಾರು ವರ್ಷಗಳ ಹಿಂದಿನ ನೆಂಟರು ತಬ್ಬಿಕೊಳ್ಳುತ್ತಾರೆ, ನನ್ನ ಕಾಲು ತಾನಾಗಿಯೇ ತಾಳ ಹಾಕುತ್ತದೆ, ಹೀಗೆಲ್ಲ. ಅಲ್ಲಿಯೂ ಮೊದಲ ಪ್ರಶ್ನೆ, "ಸಿಸ್ಟರ್, ಯಾವ ದೇಶ?" ಹಳಿಯಾಳ ಎಂದೆ. ಅದು ಘಾನಾದ ಪಕ್ಕದಲ್ಲಿದೆಯೇ ಎಂದು ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ. ಡೋಲು ಕಲಿಸುವವನು ನನ್ನ ಜಡೆ ನೋಡಿ ನೇರ ಮುಂದಿನ ಸಾಲಿಗೆ ಕೂರಿಸಿದ. ಅವನ ಪೆಟ್ಟು ಒಂದು ಕಡೆ ಹೋದರೆ ನನ್ನ ಕೈ ಇನ್ನೊಂದು ಕಡೆ. ನಮ್ಮೂರ ಸಿದ್ದಿಗಳ ಡಮಾಮಿ ಡೋಲಿನ ಪೆಟ್ಟೇ ಬೇರೆ, ಅದನ್ನೂ ನಾನು ಸರಿಯಾಗಿ ಕಲಿತವಳಲ್ಲ. "ಸಿಸ್ಟರ್, ನಿಮ್ಮ ಎಡಗೈ ಬೇರೆ ಊರಿನದು," ಎಂದು ಅವನು ನಕ್ಕು, ನನ್ನನ್ನು ಹಿಂದಿನ ಸಾಲಿಗೆ ಕಳಿಸಿದ. ಊಟಕ್ಕಿದ್ದ, ಅವರಿಗೆಲ್ಲ ಹೆಮ್ಮೆಯ ಜೊಲ್ಲೋಫ್ ಅನ್ನವನ್ನು ನಮ್ಮ ಪಲಾವಿನ ತಮ್ಮ ಎಂದದ್ದಕ್ಕೆ ಅದಾ ಒಂದು ತಾಸು ಮಾತು ಬಿಟ್ಟಳು.

ಆದರೂ ಆ ಹಾಲ್‌ನಲ್ಲಿ ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಕವಿತೆ ಓದಿದ ಹುಡುಗನೊಬ್ಬ ಲಿಫ್ಟಿನ ಬಗ್ಗೆ ಬರೆದಿದ್ದ. ಅವನು ಒಳಗಿದ್ದಾನೆಂದು ಹೊರಗಿನವರು ಮುಂದಿನ ಲಿಫ್ಟಿಗೆ ಕಾಯುತ್ತಾರಂತೆ, ಹೀಗಾಗಿ ಅವನು ದಿನವೂ ರಾಜನ ಹಾಗೆ ಒಬ್ಬನೇ ಮೇಲೇರುತ್ತಾನಂತೆ. ಇಡೀ ಹಾಲ್ ನಕ್ಕಿತು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಏಕೆಂದರೆ ನನ್ನ ಲಿಫ್ಟಿನಲ್ಲೂ ನಾನು ರಾಣಿ. ಗೋಡೆಯ ಮೇಲೆ ಜಾಂಬಿಯಾದ ಹುಡುಗಿಯೊಬ್ಬಳು ಬರೆದ ದೊಡ್ಡ ಚಿತ್ರವಿತ್ತು. ಎಲ್‌ಆರ್‌ಟಿ ಸೀಟಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದಾಳೆ. ಅಷ್ಟೇ ಚಿತ್ರ. ಅವಳ ಮುಖ ಇನಾಸಿ ಅಜ್ಜಿಯದೇ ಮುಖ. ನಮ್ಮಂಥ ಮುಖವನ್ನು ನಾನು ಕ್ಯಾಲೆಂಡರಿನಲ್ಲಿ, ಜಾಹೀರಾತಿನಲ್ಲಿ, ಮೆರವಣಿಗೆಯ ಫೋಟೋಗಳಲ್ಲಿ ನೋಡಿದ್ದೆ. ಎಲ್ಲದರಲ್ಲೂ ಕುಣಿಯುತ್ತಿರಬೇಕು, ಇಲ್ಲವೇ ಹೊರೆ ಹೊತ್ತಿರಬೇಕು. ಏನೂ ಮಾಡದೆ ಸುಮ್ಮನಿದ್ದದ್ದನ್ನು ಅವತ್ತೇ ನೋಡಿದ್ದು. ಎಷ್ಟು ಹೊತ್ತು ಅದರ ಮುಂದೆ ನಿಂತಿದ್ದೆನೋ, ನನ್ನ ತಟ್ಟೆಯ ಅನ್ನ ತಣ್ಣಗಾಗಿತ್ತು.

ಮನೆಗೆ ಬಂದು ಕತ್ತರಿ ತೆಗೆದೆ. ಅಜ್ಜಿಯ ಕೌದಿಯ ಮೇಲೆ ಹೊಸದೊಂದು ಪದರ ಹೊಲಿಯಬೇಕು, ಅದಕ್ಕೆ ಬೇಕಾದ್ದು ಹಳೆ ಬಟ್ಟೆ. ಆಂತೋನನ ಕಚೇರಿ ಅಂಗಿ, ನನ್ನದೊಂದು ಬಾತಿಕ್ ಲಂಗ, ಸೆರಾಳಿಗೆ ಗಿಡ್ಡವಾದ ಹಸಿರು-ನೀಲಿ ಯೂನಿಫಾರ್ಮು, ಎಲ್ಲ ಸಾಲಾಗಿ ತುಂಡಾದವು. ಮೂಲೆಯ ಹೂವುಗಳಿಗೆ ಹೊಳೆಯುವ ಬಟ್ಟೆ ಚೆಂದ. ಸೋಫಾದ ಮೇಲೆ ಹೊಳೆಯುತ್ತ ಬಿದ್ದಿದ್ದ ಎಲೆಲಂಗಗಳನ್ನು ನೋಡಿದೆ. ಅದು ಮೆಲ್ವಿನ್ ದುಡ್ಡು ಕೊಟ್ಟು ತರಿಸಿದ್ದು, ಕೇಳದೆ ಕತ್ತರಿಸುವುದು ಸರಿಯಲ್ಲ ಎಂದು ಗೊತ್ತಿತ್ತು. ನನ್ನನ್ನು ಯಾರು ಕೇಳಿದ್ದರು? ಕತ್ತರಿಸಿದೆ. ಸ್ಯಾಟಿನ್ ಹರಿಯುವ ಸದ್ದಿಗೆ ಸೆರಾ ಕೋಣೆಯಿಂದ ಇಣುಕಿ ನೋಡಿದಳು. ಬಾಗಿಲನ್ನು ಮತ್ತೆ ಮುಚ್ಚಿಕೊಳ್ಳಲಿಲ್ಲ.

ಕೊನೆಯ ಭಾನುವಾರಕ್ಕೆ ಕೌದಿಯನ್ನು ಪ್ರದರ್ಶನಕ್ಕೆ ತರಲೇಬೇಕೆಂದು, ನನ್ನಿಂದ ಅದರ ಕಥೆ ಕೇಳಿದ್ದ ಅದಾ ಹಠ ಹಿಡಿದಿದ್ದಳು. ಅಷ್ಟರಲ್ಲಿ ಮುಗಿಯಲಿಲ್ಲ. ಹೂವುಗಳಾಗಿದ್ದವು, ಅಂಚಾಗಿತ್ತು, ನಡುವೆ ಇನ್ನೂ ದೊಡ್ಡ ಜಾಗ ಬಾಕಿಯಿತ್ತು. ಹಾಗೇ ಸುತ್ತಿಕೊಂಡು ಹೊರಟೆ. ಸೆರಾಳೂ ಬಂದಳು. ಮನೆಯಲ್ಲಿ ಬೇಜಾರು ಎಂದಳು, ನಾನು ನಂಬಿದಂತೆ ಮಾಡಿದೆ. ಹಾಲ್‌ನಲ್ಲಿ ನೇರ ಕೂದಲು ಬಿಟ್ಟುಕೊಂಡು ಮೂಲೆಯಲ್ಲಿ ಫೋನ್ ಹಿಡಿದು ಕುಳಿತಳು.

ನಾನು ನೀರು ಕುಡಿದು ಬರುವಷ್ಟರಲ್ಲಿ ಅದಾಳ ಕಡೆಯವರು ಕೌದಿಯನ್ನು ಹೂವುಗಳಿಗೆ ಕ್ಲಿಪ್ ಹಾಕಿ ಗೋಡೆಗೆ ನೇತುಹಾಕಿದ್ದರು. ಮುಂದೆ ಹಗ್ಗ ಕಟ್ಟಿ, ಮುಟ್ಟಬೇಡಿ ಎಂಬ ಚೀಟಿ ಬೇರೆ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಅಜ್ಜಿಯ ಕೌದಿ, ಹೊಟ್ಟೆ ಬಿಚ್ಚಿಕೊಂಡು, ಮೂಲೆ ಹಿಡಿದು ನೇತಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹಗ್ಗ ದಾಟಿ ಹೋಗಿ ಕ್ಲಿಪ್ಪು ಬಿಚ್ಚಿ ಕೆಳಗಿಳಿಸಿ ನೆಲಕ್ಕೆ ಹಾಸಿದೆ. ಅದರ ಮೇಲೇ ಕಾಲು ಮಡಚಿ ಕುಳಿತು ಸೂಜಿ ತೆಗೆದೆ.

"ಸಿಸ್ಟರ್, ಇದು ಆರ್ಟ್!" ಎಂದಳು ಅದಾ ಗಾಬರಿಯಿಂದ.

"ಆರ್ಟೇ. ಕೂತುಕೊಂಡು ನೋಡು," ಎಂದೆ.

ಅದಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದಿಟ್ಟಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಎದುರಿಗೆ ಕುಳಿತು ಇನ್ನೊಂದು ಸೂಜಿ ಕೇಳಿದಳು. ಜಾಂಬಿಯಾದ ಚಿತ್ರಗಾರ್ತಿ ಬಂದಳು, ಲಿಫ್ಟಿನ ಕವಿ ಬಂದ, ಘಾನಾದ ಪಕ್ಕ ಹಳಿಯಾಳ ಹುಡುಕಿದ ಹುಡುಗ ದಾರ ಪೋಣಿಸಲು ಕುಳಿತ. ಸುತ್ತ ಕುಳಿತು ಎಲ್ಲರೂ ಹೊಲಿಯುತ್ತ ಒಳಗೆ ಒಳಗೆ ಬಂದೆವು. ಕವಿಯ ಹೊಲಿಗೆ ಅವನ ಕವಿತೆಯಷ್ಟು ಚೆನ್ನಾಗಿರಲಿಲ್ಲ. ಮೂಲೆಯಲ್ಲಿದ್ದ ಸೆರಾ ಮೊದಲು ಕುರ್ಚಿಯನ್ನು ಹತ್ತಿರ ಎಳೆದಳು, ಆಮೇಲೆ ಕುರ್ಚಿಯಿಂದ ಇಳಿದಳು.

ಕೊನೆಗೆ ಹೊಟ್ಟೆ ಉಳಿಯಿತು. ಅಕ್ಕಿ ಬೇಕು ಎಂದೆ. ಪಾತ್ರೆ ತುಂಬ ಅನ್ನವಿತ್ತು, ಹಸಿ ಅಕ್ಕಿ ಮಾತ್ರ ಒಂದು ಕಾಳೂ ಇರಲಿಲ್ಲ. ಗುಂಡಿ ಹಾಕಿ, ಕವಡೆ ಹಾಕಿ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. "ನೋ, ಮಸ್ಟ್ ಬಿ ರೈಸ್," ಎಂದು ಸೆರಾ ಎದ್ದು ಕೆಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಹೋಟೆಲಿನವರು ಊಟವನ್ನು ತಪಾವ್ ಎಂದು ಕಟ್ಟಿಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಅಕ್ಕಿ ಹಿಡಿದು ಬಂದಳು. ಏನಕ್ಕೆ ಎಂದು ಮಾಮಕ್ ಅಣ್ಣ ಕೇಳಿದನಂತೆ. "ಐ ಟೋಲ್ಡ್ ಹಿಮ್ ನಮ್ಮ ಬ್ಲ್ಯಾಂಕೆಟ್ ಹಂಗ್ರಿ ಲಾ. ಹಿ ಗೇವ್ ಫ್ರೀ." ಅಕ್ಕಿಯನ್ನು ಅವಳೇ ಸುರಿದಳು. ಮುಚ್ಚಿದ ತುಂಡು ಅವಳದೇ ಯೂನಿಫಾರ್ಮಿನದು. ಓಡಿ ಬೆವೆತಿದ್ದಕ್ಕೆ ಕಿವಿಯ ಹತ್ತಿರ ಅವಳ ಕೂದಲು ತನ್ನ ನಿಜವಾದ ಗುಂಗುರಿಗೆ ಮರಳಿತ್ತು, ಅವಳು ಅದನ್ನು ಗಮನಿಸಿರಲಿಲ್ಲ.

ಅದೇ ಹೊತ್ತಿಗೆ ಮೆಲ್ವಿನ್ ಬಂದರು. ಪ್ರಾಕ್ಟೀಸ್ ಹೇಗೆ ನಡೆಯುತ್ತಿದೆ ನೋಡೋಣ, ಹಾಗೇ ಒಂದು ಸಣ್ಣ ವಿಡಿಯೋ ಮಾಡಿಕೊಳ್ಳೋಣ ಎಂದು ಆಂತೋನನಿಂದ ವಿಳಾಸ ತಿಳಿದುಕೊಂಡು ಬಂದಿದ್ದರು. ನಾವು ಜಾಗ ಬಿಟ್ಟೆವು. ಅವರೂ ಬೂಟು ಕಳಚಿ ಕೌದಿಯ ಮೂಲೆಯಲ್ಲಿ ಕುಳಿತರು. ಅದಾ ಕೊಟ್ಟ ತಟ್ಟೆಯಲ್ಲಿ ಊಟ ಮಾಡುತ್ತ ಬಹಳ ಖುಷಿಯಾಗಿದ್ದರು.

"ಮತ್ತೆ ಡ್ರೆಸ್ ಸೈಜ್ ಸರಿ ಆಯ್ತಾ ರೆಜಿನಾ?"

ನಾನು ಬಾಯಿ ತೆರೆಯುವ ಮೊದಲೇ ಸೆರಾ ಹೇಳಿದಳು, "ಅಂಕಲ್, ಯು ಆರ್ ಸಿಟಿಂಗ್ ಆನ್ ಇಟ್."

ಮೆಲ್ವಿನ್ ಸ್ವಲ್ಪ ಸರಿದು ನೋಡಿದರು. ಅವರ ತೊಡೆಯ ಕೆಳಗಿಂದ ಹಸಿರು ಸ್ಯಾಟಿನ್ ಹೂ ಹೊಳೆಯಿತು. ತಿರುಗಿ ಉಳಿದ ಮೂರು ಮೂಲೆಗಳನ್ನೂ ನೋಡಿದರು. ಸುತ್ತ ಕುಳಿತ ಮುಖಗಳನ್ನು ನೋಡಿದರು. ಅವರ ಕಿವಿ ಕೆಂಪಾಯಿತು.

"ಹೇಳಬಹುದಿತ್ತಲ್ಲ ಮಾರಾಯ್ರೆ," ಎಂದರು ಮೆಲ್ಲಗೆ.

"ಹೇಳಿದ್ನಲ್ರಿ. ನೀವು ನಕ್ರಿ."

ಅವರು ತಟ್ಟೆ ಕೆಳಗಿಟ್ಟರು. ನಾನು ಮಾತು ಮೆದು ಮಾಡಲಿಲ್ಲ. ಗಂಜಿ ತಂದವರು ಹೌದು, ಎಲೆಲಂಗ ತರಿಸಿದವರೂ ಅವರೇ. ಎರಡೂ ನನಗೆ ನೆನಪಿರುತ್ತವೆ. ಆಮೇಲೆ ಅವರೇ ಕೇಳಿದರು, "ಹಾಗಾದ್ರೆ ಈಗ ಸ್ಟೇಜಿನ ಮೇಲೆ ಎಂತ ಮಾಡುದು? ನಿಮ್ಮ ಹೆಸರು ಹಾಕಿ ಆಗಿದೆ."

"ಬರ್ತೀವಿ. ಕೌದಿ ಹಾಸ್ತೀವಿ, ಕೂಡ್ತೀವಿ."

"ಕೂತು?"

"ಕೂತು ಅಷ್ಟೇ ಲಾ," ಎಂದಳು ಸೆರಾ.

ಹಾಗೇ ಮಾಡಿದೆವು. ಆಗಸ್ಟಿನ ಆ ಸಂಜೆ ಯಕ್ಷಗಾನವಾಯಿತು, ಕೋಲಾಟವಾಯಿತು. ಮೆಲ್ವಿನ್ ಮೈಕಿನಲ್ಲಿ, "ಈಗ ನಮ್ಮ ರೆಜಿನಾ ಮತ್ತು ಸೆರಾ," ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ನಾನು ಕಚೇರಿಗೆ ಉಡುವ ಹತ್ತಿ ಸೀರೆ ಉಟ್ಟಿದ್ದೆ. ಸೆರಾ ಜೀನ್ಸ್ ಹಾಕಿ ಬಂದಿದ್ದಳು, ಬೆಳಗ್ಗೆ ಆ ಯಂತ್ರವನ್ನು ಮುಟ್ಟಿರಲಿಲ್ಲ. ಅವಳ ಕೂದಲು ತಲೆಯ ಸುತ್ತ ತನಗೆ ಬೇಕಾದಷ್ಟು ಜಾಗ ಹಿಡಿದುಕೊಂಡಿತ್ತು. ಕೌದಿ ಹಾಸಿ, ಅವಳನ್ನು ಮುಂದೆ ಕೂರಿಸಿಕೊಂಡು, ಅದಾ ಕೊಟ್ಟ ಅಗಲ ಹಲ್ಲಿನ ಬಾಚಣಿಗೆ ತೆಗೆದು ಜಡೆ ಹೆಣೆಯಲು ಶುರು ಮಾಡಿದೆ. ಜನ ಹೂ ಹಾ ಬರುತ್ತದೆಂದು ಕಾದರು. ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದಿದ್ದವರು ಕೈ ನೋವಾಗಿ ಇಳಿಸಿದರು. ನನಗೇನೂ ಆತುರವಿರಲಿಲ್ಲ.

ಪರದೆಯ ಪಕ್ಕದಿಂದ ಮೆಲ್ವಿನ್ ತಡೆಯಲಾರದೆ ಪಿಸುಗುಟ್ಟಿದರು, "ಯಾವಾಗ ಶುರು ಆಗ್ತದೆ ಮಾರಾಯ್ರೆ?"

ಸೆರಾ ತಲೆ ಅಲುಗಿಸದೆ, ಮೈಕಿಗೆ ಕೇಳುವಷ್ಟು ಜೋರಾಗಿ ಹೇಳಿದಳು, "ಶುರು ಆಗಿದೆ, ಅಂಕಲ್."